ಸಡಿಲ ಮಣಿಕಟ್ಟು

ನನ್ನ ಪಿಸ್ತೂಲಿನ ಗುಂಡು ಯಾವ ಅಳತೆಯದಿರಬೇಕು ಎಂದು ತೀರ್ಮಾನಿಸಲು ನನಗೆ ಆರು ಗುರುವಾರ ಬೇಕಾಯಿತು. ಓಕ್ಲಹೋಮಾದ ಈ ಮೂಲೆಯಲ್ಲಿ ಇದು ನಗೆಪಾಟಲಿನ ಸಂಗತಿ. ಇಲ್ಲಿನ ಹೆಂಗಸರು ಕೂದಲು ಕತ್ತರಿಸಿಕೊಳ್ಳಲು ಪೇಟೆಗೆ ಬಂದವರು ಹಾಗೆಯೇ ಬಂದೂಕಿನ ಅಂಗಡಿ ಹೊಕ್ಕು, ಕೈಚೀಲಕ್ಕೆ ಹಿಡಿಸುವುದೊಂದನ್ನು ಆರಿಸಿ, ಬೆಂಡೆಕಾಯಿ ಹುರಿಯುವ ಹೊತ್ತಿಗೆ ಮನೆ ಸೇರಿರುತ್ತಾರೆ.

ಕೊಳ್ಳಲೇಬೇಕೆಂದು ಹಠ ಹಿಡಿದವನು ನನ್ನ ಗಂಡ ಡ್ವೇನ್. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಸ್ನಾನ ಮಾಡಿಸುವುದು, ಹುಣ್ಣು ತೊಳೆಯುವುದು, ಮಾತ್ರೆ ಕೊಡುವುದು ನನ್ನ ಕೆಲಸ. ಹೆಚ್ಚಿನವು ಜಲ್ಲಿ ರಸ್ತೆಯ ಕೊನೆಯಲ್ಲಿರುವ ಒಂಟಿ ಮನೆಗಳು. ಮಾರ್ಚ್‌ನಲ್ಲಿ ಒಂದು ದಿನ ಅಂಥ ಒಂದು ಮನೆಯಿಂದ ಹೊರಬಂದಾಗ ಗುರುತಿಲ್ಲದವನೊಬ್ಬ ನನ್ನ ಕಾರಿಗೆ ಒರಗಿ ನಿಂತಿದ್ದ. ಏನೂ ಕೇಳಲಿಲ್ಲ, ಏನೂ ಮಾಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅವಸರವಿಲ್ಲದೆ ಪೊದೆಗಳ ಕಡೆಗೆ ನಡೆದುಹೋದ. ಡ್ವೇನ್ ಲಾರಿ ಓಡಿಸುತ್ತ ನೆಬ್ರಾಸ್ಕಾದಲ್ಲೆಲ್ಲೋ ಇದ್ದ. ಫೋನಿನಲ್ಲಿ ಹೇಳಿದೆ.

"ಇವತ್ತೇ ಹೋಗಿ ಒಂದು ತಗೋ. ನಲವತ್ತೈದೇ ತಗೋ. ಅದಕ್ಕಿಂತ ಕಮ್ಮೀದೆಲ್ಲ ಬರೀ ಆಟದ ಸಾಮಾನು," ಎಂದ.

ಟ್ವಾಯ್ಲಾಳ ಬಂದೂಕಿನ ಅಂಗಡಿಯ ಹಿಂದೆ ಉದ್ದನೆಯ ಶೆಡ್ ಇದೆ. ಬೇಕಾದ ಪಿಸ್ತೂಲನ್ನು ಬಾಡಿಗೆಗೆ ಪಡೆದು, ಅಲ್ಲಿ ಕಾಗದದ ಗುರಿಗೆ ಹೊಡೆದು ನೋಡಿ, ಒಗ್ಗಿದ್ದನ್ನು ಕೊಳ್ಳಬಹುದು. ಮೊದಲ ಗುರುವಾರ ಮಧ್ಯಾಹ್ನ, ಎರಡು ಮನೆಗಳ ನಡುವಿನ ಬಿಡುವಿನಲ್ಲಿ ಹೋದೆ. ಟ್ವಾಯ್ಲಾ ಗುಲಾಬಿ ಹಿಡಿಕೆಯದೊಂದನ್ನು ಗಾಜಿನ ಮೇಲಿಟ್ಟಳು.

"ಮುನ್ನೂರೆಂಬತ್ತು. ಅಂಕಿ ದೊಡ್ದು, ಗುಂಡು ಪುಟಾಣಿ. ಲಿಪ್‌ಸ್ಟಿಕ್ ಪಕ್ಕದಲ್ಲೇ ಮಲಗ್ಸಬಹುದು ಚಿನ್ನ."

"ಡ್ವೇನ್ ನಲವತ್ತೈದು ಅಂದ."

"ಹೊತ್ಕೊಂಡು ತಿರುಗೋನು ಡ್ವೇನಾ, ನೀನಾ? ಗಂಡಸರಿಗೇನು, ಹೆಂಡ್ತಿ ಚೀಲಕ್ಕೆ ಫಿರಂಗಿ ಬೇಕಾದ್ರೂ ತುಂಬ್ತಾರೆ. ಹಾಯ್ಟ್! ಬಾ ಇಲ್ಲಿ, ನಿಂಗೊಬ್ರು ವಿದ್ಯಾರ್ಥಿನಿ."

ಹಾಯ್ಟ್ ಅರವತ್ತು ದಾಟಿದವನು. ಶಾಲೆಯಲ್ಲಿ ಹುಡುಗರಿಗೆ ಮರಗೆಲಸ ಕಲಿಸಿ ನಿವೃತ್ತನಾದವನು, ಈಗ ಶೆಡ್ಡಿನಲ್ಲಿ ಹೊಸಬರಿಗೆ ಹಿಡಿತ ಕಲಿಸುತ್ತಾನೆ. ಹೆಂಡತಿ ತೀರಿಹೋಗಿದ್ದಾಳೆಂದು ಊರಿಗೆಲ್ಲ ಗೊತ್ತು. ಕಿವಿಗೆ ಮುಚ್ಚಳ ಹಾಕಿಕೊಂಡು ನಾನು ಮೊದಲ ಗುಂಡು ಹಾರಿಸಿದೆ. ಎರಡನೆಯದು ಹಾರಲಿಲ್ಲ. ಖಾಲಿ ತೋಟಾವೊಂದು ಪಿಸ್ತೂಲಿನ ಬೆನ್ನಲ್ಲಿ ಸಿಕ್ಕಿಕೊಂಡು ನೆಟ್ಟಗೆ ನಿಂತಿತ್ತು.

"ಹೊಗೆಕೊಳವೆ!" ಹಾಯ್ಟ್ ಕೂಗಿ ಹೇಳಿದ. ಇಲ್ಲಿಯವರು ಅದನ್ನು ಹಾಗೆಯೇ ಕರೆಯುತ್ತಾರೆ. ಗುಂಡು ಹಾರಿದ ರಭಸಕ್ಕೆ ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯಬೇಕು. ಹಿಡಿದವರ ಮಣಿಕಟ್ಟು ಸಡಿಲವಾಗಿದ್ದರೆ ಆ ರಭಸವನ್ನೆಲ್ಲ ಕೈಯೇ ನುಂಗಿಬಿಡುತ್ತದೆ, ತೋಟಾ ಅರ್ಧದಲ್ಲೇ ನಿಲ್ಲುತ್ತದೆ. "ನಿಮ್ ಅಪ್ಪಣೆ ಇದ್ರೆ, ಮಿಸ್ ಒಲೀಟಾ," ಎಂದು ನನ್ನ ಬದಿಗೆ ಬಂದು ನಿಂತ. ಮದುವೆಯಾದವಳನ್ನೂ ಮರ್ಯಾದೆಗೆ ಮಿಸ್ ಎನ್ನುವುದು ಇಲ್ಲಿನ ರೂಢಿ. ತನ್ನ ಎರಡೂ ಕೈಗಳಿಂದ ನನ್ನ ಎರಡೂ ಕೈಗಳನ್ನು ಸುತ್ತಿ ಹಿಡಿದು, ಹೆಬ್ಬೆರಳಿನಿಂದ ಮಣಿಕಟ್ಟಿನ ಮೂಳೆಯನ್ನು ಮೆಲ್ಲಗೆ ಒತ್ತಿದ. "ಇಲ್ಲಿ. ಇಲ್ಲಿ ಬೀಗ ಹಾಕಿ."

ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಒಂದು ನಿಮಿಷವೂ ಆಗಿರಲಾರದು. ಆದರೆ ಆ ದಿನ ಮುಂದಿನ ಮನೆಯಲ್ಲಿ ಮಿಸೆಸ್ ಟಿಡ್‌ವೆಲ್‌ಳ ಬೆನ್ನು ಉಜ್ಜುತ್ತಿದ್ದಾಗ ನನ್ನ ಕೈಗಳನ್ನು ನಾನೇ ನೋಡುತ್ತ ನಿಂತುಬಿಟ್ಟೆ. ದಿನಕ್ಕೆ ಐದಾರು ಮೈಗಳನ್ನು ಮುಟ್ಟುವ ಕೈಗಳಿವು. ಎತ್ತುತ್ತವೆ, ಹೊರಳಿಸುತ್ತವೆ, ಪುಡಿ ಹಾಕುತ್ತವೆ. ಇವನ್ನು ಯಾರಾದರೂ ಹಿಡಿದದ್ದು ಯಾವಾಗ ಎಂದು ಲೆಕ್ಕ ಹಾಕಲು ಹೋದರೆ ನೆನಪೇ ಸಿಗಲಿಲ್ಲ. ಡ್ವೇನ್ ನನ್ನ ಕೈ ಹಿಡಿದು ಮೂವತ್ತೊಂದು ವರ್ಷವಾಯಿತು. ಒಳ್ಳೆಯವನು. ಎರಡು ವಾರಕ್ಕೊಮ್ಮೆ ಶನಿವಾರ ಬರುತ್ತಾನೆ, ಸೋರುವ ನಲ್ಲಿ ರಿಪೇರಿ ಮಾಡುತ್ತಾನೆ, ನನ್ನ ಕಾರಿನ ಎಣ್ಣೆ ಬದಲಿಸುತ್ತಾನೆ, ಟಿವಿಯ ಮುಂದೆ ನಿದ್ದೆ ಹೋಗುತ್ತಾನೆ. ನಾನು ಅವನಿಗೆ ಹೊದಿಸುತ್ತೇನೆ.

ಎರಡನೆಯ ಗುರುವಾರ ಒಂಬತ್ತು ಮಿಲಿಮೀಟರಿನದನ್ನು ಬಾಡಿಗೆಗೆ ತೆಗೆದುಕೊಂಡೆ. ಪುಟ್ಟ ಮುನ್ನೂರೆಂಬತ್ತಿಗಿಂತ ಅದು ತುಸು ಭಾರ, ಆ ಭಾರಕ್ಕೇ ಒದೆತವೂ ಮೆತ್ತಗೆ. ಹಾಯ್ಟ್ ಹೇಳಿಕೊಟ್ಟಂತೆ ಮಣಿಕಟ್ಟಿಗೆ ಬೀಗ ಹಾಕಿದೆ. ನಾಲ್ಕು ಗುಂಡುಗಳು ಒಂದರ ಹಿಂದೊಂದು ನೀರು ಹರಿದಂತೆ ಹೋದವು. ನನಗೆ ಬಂದುಬಿಟ್ಟಿತ್ತು. ಹಾಯ್ಟ್ ಪಕ್ಕದವರ ಕಡೆ ತಿರುಗಿದ್ದ. ಐದನೆಯದಕ್ಕೆ ನಾನು ಬೀಗ ತೆಗೆದೆ. ತೋಟಾ ಸಿಕ್ಕಿಕೊಂಡು ನಿಂತಿತು. ನಿಯಮದಂತೆ ಪಿಸ್ತೂಲಿನ ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಬಿಡುವಾದ ಕೈಯನ್ನು ಮೇಲೆತ್ತಿದೆ.

ಅವನು ಬಂದ.

ಹೀಗೆ ಏಪ್ರಿಲ್ ಕಳೆಯಿತು. ನಲವತ್ತೈದನ್ನೂ ಹಿಡಿದೆ, ನಲವತ್ತನ್ನೂ ಹಿಡಿದೆ, ಮತ್ತೆ ಒಂಬತ್ತಕ್ಕೆ ಬಂದೆ. ಪ್ರತಿ ಗುರುವಾರ ಎರಡು ಹೊಗೆಕೊಳವೆ, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ಮಾಡುವುದು ದುರಾಸೆ ಎನ್ನಿಸುತ್ತಿತ್ತು. ಅವನ ಅಂಗಿಯಿಂದ ಮರದ ಹೊಟ್ಟಿನ ವಾಸನೆ ಬರುತ್ತಿತ್ತು, ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆಯ ಏಟಿಗೆ ಕಪ್ಪಾಗಿತ್ತು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿತೆಂದರೆ ಸುಳ್ಳಾಗುತ್ತದೆ. ಅವನ ಕೈಗಳ ನಡುವೆ ನನ್ನ ಕೈಗಳು ಇರುತ್ತಿದ್ದವಲ್ಲ, ನನ್ನವೇ ಆದ ಆ ಕೈಗಳ ಮೇಲೆ ನನಗೆ ಹೊಟ್ಟೆಕಿಚ್ಚಿನಂಥದ್ದೊಂದು ಇತ್ತು. ಬುಧವಾರ ಸಂಜೆ ಅವಕ್ಕೆ ಮುಲಾಮು ಹಚ್ಚಿ ಮಲಗುತ್ತಿದ್ದೆ.

"ನಾನು ಮೂರು ಮದುವೆ ಗೌನು ಆರಿಸಿದೀನಿ ಕಣೇ, ಮೂರೂ ಸೇರಿ ಇಷ್ಟು ದಿನ ಹಿಡಿದಿಲ್ಲ," ಎಂದು ಟ್ವಾಯ್ಲಾ ಛೇಡಿಸಿದಳು.

"ಅದಕ್ಕೇ ಮೂರು ಬೇಕಾದ್ವು," ಎಂದೆ. ಅವಳು ಮೇಜು ಕುಟ್ಟಿಕೊಂಡು ನಕ್ಕಳು.

ಡ್ವೇನ್ ಫೋನು ಮಾಡಿದಾಗಲೆಲ್ಲ ಅದೇ ಪ್ರಶ್ನೆ. "ಇನ್ನೂ ತಗೊಂಡಿಲ್ವಾ ಒಲೀ? ಇದೇನು ಟ್ರ್ಯಾಕ್ಟರಾ?"

"ನೋಡ್ತಿದೀನಿ. ಒಂದೂ ಕೈಗೆ ಕೂರ್ತಿಲ್ಲ."

ಒಂದನ್ನು ಆರಿಸಿದ ದಿನ ಶೆಡ್ಡಿಗೆ ಹೋಗಲು ನನಗೆ ಕಾರಣವಿರುವುದಿಲ್ಲ. ಕೈಗೆ ಕೂರುವುದಿಲ್ಲವೆಂಬ ಮಾತನ್ನು ಎಷ್ಟು ದಿನ ಎಳೆಯಬಹುದೆಂದು ರಸ್ತೆಯುದ್ದಕ್ಕೂ ಯೋಚಿಸುತ್ತಿದ್ದೆ.

ಆರನೆಯ ಗುರುವಾರ ಹಾಯ್ಟ್ ನನ್ನ ದಾರಿ ಕಾಯುತ್ತಿದ್ದ. ಮುಂದೆ ಬಟ್ಟೆಯ ಮೇಲೆ ಒಂದು ಮೋಟು ರಿವಾಲ್ವರ್ ಇತ್ತು.

"ಮೂವತ್ತೆಂಟು. ಐದೇ ಗುಂಡು," ಎಂದ. "ಇದಕ್ಕೆ ಸ್ಲೈಡಿಲ್ಲ, ತೋಟಾ ಸಿಕ್ಕಿಹಾಕ್ಕೊಳ್ಳೋ ಮಾತೇ ಇಲ್ಲ. ಮಣಿಕಟ್ಟು ಹೇಗೇ ಇರ್ಲಿ, ಎಳೆದ್ರೆ ಹಾರುತ್ತೆ. ನನ್ ಸಹಾಯಾನೂ ಬೇಡ ನಿಮ್ಗೆ."

"ನನಗೆ ಒಂಬತ್ತು ಒಗ್ತಾ ಇದೆ ಅನ್ಸುತ್ತೆ ಹಾಯ್ಟ್."

"ಒಗ್ತಿಲ್ಲ, ಮಿಸ್ ಒಲೀಟಾ. ನಾನು ನೋಡ್ತಾ ಇದೀನಲ್ಲ." ಟೋಪಿ ತೆಗೆದು ತಲೆ ಕೆರೆದುಕೊಂಡ. "ನಿನ್ನೆ ಹುಲ್ಲು ಕತ್ತರಿಸ್ತಿದ್ದೆ. ನೀವು ಹೇಳಿದ್ರಲ್ಲ, ಆ ಜಲ್ಲಿ ರಸ್ತೇಲಿ ಒಬ್ರೇ ನಿಂತಿದೀರಿ, ತೋಟಾ ಸಿಕ್ಕೊಂಡಿದೆ, ಕೈ ಮೇಲೆ ಎತ್ತಿ ಯಾರಾದ್ರೂ ಬರ್ತಾರೆ ಅಂತ ಕಾಯ್ತಿದೀರಿ. ಹಂಗೆ ಕಣ್ಣಿಗೆ ಕಟ್ಬಿಡ್ತು. ಅರ್ಧ ಅಂಗಳ ಹಂಗೇ ಬಿಟ್ಟು ಇದನ್ನ ಹುಡುಕೋಕೆ ಬಂದೆ. ಅಲ್ಲಿ ನಾನಿರಲ್ಲ, ಅಲ್ವಾ?"

ನನ್ನ ಬಗ್ಗೆ ಯೋಚಿಸುತ್ತ ಒಬ್ಬ ಮನುಷ್ಯ ಹುಲ್ಲು ಕತ್ತರಿಸುವ ಯಂತ್ರವನ್ನು ಅಂಗಳದ ನಡುವೆಯೇ ನಿಲ್ಲಿಸಿದ್ದ. ಎಷ್ಟೋ ವರ್ಷಗಳಿಂದ ಬೇಕಾಗಿದ್ದದ್ದು ಸಿಕ್ಕಿತ್ತು, ನಾನು ಹೇಳಿದ ಸುಳ್ಳಿಗೆ ಸಿಕ್ಕಿತ್ತು.

ರಿವಾಲ್ವರ್ ಎತ್ತಿಕೊಂಡೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅದರ ಟ್ರಿಗರ್ ಗಟ್ಟಿ, ಕಷ್ಟಪಟ್ಟು ಎಳೆದೆ. ಐದಕ್ಕೆ ಐದೂ ಹಾರಿದವು, ಎರಡು ಮಾತ್ರ ಕಾಗದಕ್ಕೆ ತಾಗಿದವು. "ಸಾಕು, ಹತ್ತಿರದಲ್ಲಿದ್ರೆ ಸಾಕು ಇಷ್ಟು," ಎಂದು ಹಿಂದಿನಿಂದ ಸಮಾಧಾನ ಹೇಳಿದ. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕೈಲಾಗದವಳಾಗಿ, ಅವನು ದಯಾಳುವಾಗಿ, ಸಭ್ಯವಾಗಿ ಮುಗಿಯುತ್ತಿತ್ತು. ಆದರೆ ಇವನು ಇನ್ನೆಷ್ಟು ಬುಧವಾರ ನನ್ನನ್ನು ಆ ರಸ್ತೆಯಲ್ಲಿ ಕೈಯೆತ್ತಿ ನಿಂತವಳಾಗಿ ಕಾಣಬೇಕು?

"ಒಂಬತ್ತು ಕೊಡಿ," ಎಂದೆ.

"ಮಿಸ್ ಒಲೀಟಾ..."

"ಕೊಡಿ. ಹತ್ತಿರ ಬರಬೇಡಿ."

ಮಣಿಕಟ್ಟಿಗೆ ಬೀಗ ಹಾಕಿದೆ. ಹತ್ತು ಗುಂಡು. ಹತ್ತೂ ಖಾಲಿ ತೋಟಾಗಳು ಬಲಗಡೆಗೆ ಚಿಮ್ಮಿ ಸಿಮೆಂಟಿನ ಮೇಲೆ ಉರುಳಿದವು. ಕಾಗದದ ಎದೆಯಲ್ಲಿ ನನ್ನ ಅಂಗೈಯಷ್ಟಗಲದೊಳಗೆ ತೂತುಗಳಿದ್ದವು. ಪಿಸ್ತೂಲು ಕೆಳಗಿಟ್ಟು ಕಿವಿಯ ಮುಚ್ಚಳ ತೆಗೆದೆ.

ಹಾಯ್ಟ್ ಕಾಗದವನ್ನೇ ನೋಡುತ್ತಿದ್ದ. "ಯಾವಾಗ್ನಿಂದ?"

"ಎರಡನೇ ಗುರುವಾರದಿಂದ."

"ನಂಗೇ ಕಲಿಸೋಕೆ ಬರಲ್ಲ ಅಂದ್ಕೊಂಡಿದ್ದೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ಇದನ್ನ ಬಿಟ್ಬಿಡ್ತೀನಿ, ವಯಸ್ಸಾಯ್ತು ಅಂತ ಟ್ವಾಯ್ಲಾಗೂ ಹೇಳಿದ್ದೆ."

"ನೀವು ಚೆನ್ನಾಗೇ ಕಲಿಸಿದ್ರಿ. ತಪ್ಪು ನಂದು. ಬೇಕಂತ್ಲೇ ಮಾಡ್ತಿದ್ದೆ."

ಅವನು ನನ್ನ ಕೈಗಳನ್ನು ನೋಡಿದ, ಆಮೇಲೆ ತನ್ನವನ್ನು ನೋಡಿಕೊಂಡ. ಕಿವಿಗಳು ಕೆಂಪಾದವು. ಬಗ್ಗಿ ತೋಟಾಗಳನ್ನು ಆರಿಸತೊಡಗಿದ. ನಾನೂ ಬಗ್ಗಿ ಆರಿಸಿದೆ. ಎಲ್ಲವೂ ಡಬ್ಬಿ ಸೇರಿದ ಮೇಲೆ, "ನನ್ ಹೆಂಡ್ತಿ ಹೋದ್ಮೇಲೆ ಕ್ಷೌರದಂಗಡಿಗೆ ವಾರ ವಾರ ಹೋಗ್ತಿದ್ದೆ," ಎಂದ ಮೆಲ್ಲಗೆ. "ಕತ್ತರಿಸೋಕೆ ಕೂದ್ಲೇ ಇರ್ತಿರ್ಲಿಲ್ಲ."

ಇಬ್ಬರೂ ಸ್ವಲ್ಪ ನಕ್ಕೆವು. ಆಮೇಲೆ ಅವನು ಎದ್ದು ನಿಂತು ಟೋಪಿ ಹಾಕಿಕೊಂಡ. "ಒಂಬತ್ತೇ ತಗೊಳ್ಳಿ. ನಿಮ್ಗೆ ಅದೇ ಸರಿ. ಇನ್ನು ಇಲ್ಲಿಗೆ ಬರೋದೇನೂ ಬೇಕಿಲ್ಲ, ಮಿಸ್ ಒಲೀಟಾ." ಮಾತು ಒರಟಾಗಿರಲಿಲ್ಲ. ಮುಂದಿನವರ ಕಡೆಗೆ ನಡೆದುಹೋದ.

ಖರೀದಿಯ ಕಾಗದಗಳಿಗೆ ಸಹಿ ಹಾಕಿ ಹೊರಬಂದಾಗ ಡ್ವೇನ್‌ನ ಫೋನು ಬಂತು. ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟು ಹೇಳಿದೆ.

"ಒಂಬತ್ತಾ? ನಲವತ್ತೈದು ಅಂದಿದ್ನಲ್ಲ ನಾನು! ಹೋಗ್ಲಿ ಬಿಡು, ತಗೊಂಡ್ಯಲ್ಲ. ಶನಿವಾರ ಬರ್ತೀನಿ. ಹಿಡಿಯೋದು ಹೇಗೆ ಅಂತ ಸರಿಯಾಗಿ ತೋರಿಸ್ತೀನಿ."

"ಹಿಡಿಯೋದು ನಂಗೆ ಗೊತ್ತು, ಡ್ವೇನ್."

"ಆಯ್ತು ಹಂಗಾದ್ರೆ."

"ಆದ್ರೂ ತೋರಿಸು."

ಅವನ ಲಾರಿಯ ಎಂಜಿನ್ ಗುರುಗುಟ್ಟುವುದು ಕೇಳುತ್ತಿತ್ತು. "ಗೊತ್ತಿದ್ಮೇಲೆ ತೋರಿಸೋದೇನಿದೆ ಒಲೀ?" ಎಂದ. ಯಾಕೆ ಕೇಳುತ್ತಿದ್ದೇನೆಂದು ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. ಹೇಗೆ ಹೇಳುವುದೆಂದು ನನಗೂ ತಿಳಿಯಲಿಲ್ಲ. ಆದರೆ ಅವನು ಫೋನು ಇಡದೆ ಉತ್ತರಕ್ಕೆ ಕಾಯುತ್ತಿದ್ದ.