ಇನ್ನೂರ ಎಪ್ಪತ್ತೈದರ ಕೋವಿ

ನಾನು ಚಿಕ್ಕವಳಿದ್ದಾಗ ನಮ್ಮ ಸೋದರತ್ತೆ ಮುದ್ದವೀರಮ್ಮನ ಬಲ ಭುಜದ ಮೇಲೆ ಒಂದು ನೀಲಿ ಕಲೆ ಇರುತ್ತಿತ್ತು. ಮಾಗಿದ ನೇರಳೆಹಣ್ಣನ್ನು ಒತ್ತಿ ಎತ್ತಿದಂತೆ ನಡುವೆ ಕಪ್ಪು, ಅಂಚಿಗೆ ಬರುತ್ತ ಹಳದಿ. ಅತ್ತೆ ನಮ್ಮ ಮನೆಗೆ ಬಂದಾಗಲೆಲ್ಲ ಅಮ್ಮ ಬಿಸಿ ಎಣ್ಣೆ ಹಚ್ಚಿ ಅದನ್ನು ತಿಕ್ಕುವಳು. ಅತ್ತೆ ಹಲ್ಲು ಕಚ್ಚಿಕೊಂಡು ನಗುವಳು. "ಕೋವಿ ಕೊಟ್ಟ ಮುತ್ತು ಕಣೇ ಇದು" ಎಂದು ನನಗೆ ಹೇಳುವಳು. ಅದೆಂಥ ಮುತ್ತೆಂದು ನನಗೆ ಆಗ ಅರ್ಥವಾಗುತ್ತಿರಲಿಲ್ಲ. ಆದರೆ ಅಂಥದೊಂದು ಕಲೆ ನನಗೂ ಇರಬೇಕಿತ್ತೆಂದು ಆಸೆಯಾಗುತ್ತಿತ್ತು.

ಅತ್ತೆ ಮದುವೆಯಾಗಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಅವರ ಕೋವಿಯನ್ನೂ, ಅದರ ಜೊತೆಗೆ ಅವರ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಅವಳಿದ್ದ ಊರು ಕುರುಚಲು ಗುಡ್ಡಗಳ ಬುಡದಲ್ಲಿತ್ತು. ಗುಡ್ಡದಿಂದ ಕಾಡುಹಂದಿ ಇಳಿದು ಹೊಲ ಮಗುಚಿದರೆ, ದನದ ಮೇಲೆ ಬಿದ್ದರೆ ಜನ ಬಂದು ನಿಲ್ಲುತ್ತಿದ್ದುದು ಅವಳ ಬಾಗಿಲಿಗೆ. ಕೋವಿಗೂ ಬೇಟೆಗೂ ಬೇಕಾದ ಪರವಾನಗಿ ಅವಳ ಹೆಸರಿನಲ್ಲಿತ್ತು. ಅವಳು ಹೋದಳೆಂದರೆ ಕೆಲಸ ಆಯಿತೆಂದೇ ಊರವರ ನಂಬಿಕೆ.

ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸ ನನಗೆ ಸಿಕ್ಕಿದಾಗ ಅತ್ತೆಯ ಮನೆಯಲ್ಲೇ ಉಳಿದುಕೊಂಡೆ. ಮೊದಲ ಸಲ ಅವಳಿಗೆ ಎಣ್ಣೆನೀರು ಹಾಕಲು ಕೂತಾಗ ಒಂದು ವಿಚಿತ್ರ ಕಂಡಿತು. ಬಲ ಭುಜ ಎಡ ಭುಜದ ಹಾಗೆಯೇ ಇತ್ತು. ನೀಲಿ ಇಲ್ಲ, ಹಳದಿ ಇಲ್ಲ, ವಯಸ್ಸಾದ ಹೆಂಗಸಿನ ಸಡಿಲ ತಿಳಿ ಚರ್ಮ ಅಷ್ಟೆ.

"ಕಲೆ ಎಲ್ಲಿ ಹೋಯ್ತತ್ತೆ?" ಎಂದೆ.

"ಹೋಗ್ದೆ ಇನ್ನೇನು, ಹುಟ್ಟುಮಚ್ಚೆಯಾ ಅದು?" ಎಂದು ಅತ್ತೆ ಚೊಂಬನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ನೀರು ಸುರಿದುಕೊಂಡಳು.

ಹಂದಿ ಕಾಯಲು ಅವಳು ಈಗಲೂ ಹೋಗುತ್ತಿದ್ದಳು. ಬೆಳಗಾಗುವ ಮುಂಚೆ ಹೊರಟು ಬಿಸಿಲೇರಿದ ಮೇಲೆ ಬರುವಳು. ಕೇಳಿದರೆ "ಬರ್ಲಿಲ್ಲ" ಎನ್ನುವಳು. ಹಂದಿಗಳೆಲ್ಲ ಅತ್ತೆ ಹೋದ ದಿನವೇ ಗುಡ್ಡದಲ್ಲಿ ಉಳಿಯುತ್ತವೇನೋ ಎಂದು ನನಗೆ ಕುತೂಹಲ.

ಹೀಗಿರುವಾಗ ಗೆಣಸಿನ ಹೊಲದ ಬೋರಣ್ಣನ ತಂಗಿಯನ್ನು ಹಂದಿ ಹಾಯಿತು. ಹುಲ್ಲು ಕೊಯ್ಯಲು ಹೋದವಳ ತೊಡೆ ಮೊಣಕಾಲಿನ ತನಕ ಸೀಳಿಹೋಗಿತ್ತು. ಜೀವ ಉಳಿಯಿತು. ಸುದ್ದಿ ಬಂದ ಸಂಜೆ ಅತ್ತೆ ಊಟಕ್ಕೆ ಕೂರಲಿಲ್ಲ. ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದು ಒಳಗೆ ಬಂದು, "ನೀನೊಂದು ರೈಫಲ್ ತಗೋಬೇಕು ಮಗಾ" ಎಂದಳು.

"ನಾನಾ? ನಿನ್ನದು ಇದೆಯಲ್ಲ."

"ಅದು ಇದ್ದೇ ಇದೆ. ನಿಂದು ಅಂತ ಒಂದು ಇರ್ಲಿ. ನಾನು ಕಲಿಸ್ತೀನಿ."

ಯಾಕೆಂದು ಕೇಳಿದರೆ ಅವಳು ಒಲೆಯ ಕಡೆ ತಿರುಗಿದಳು. ಆದರೂ ನನ್ನೊಳಗೆ ಹಳೆಯ ಆಸೆ ಎದ್ದು ಕೂತಿತು. ಪರವಾನಗಿಗೆ ಓಡಾಡಿದೆ. ಅದು ಕೈಗೆ ಬಂದ ದಿನವೇ ಇಬ್ಬರೂ ಫಕ್ರುದ್ದೀನ್ ಸಾಹೇಬರ ಕೋವಿ ಅಂಗಡಿಗೆ ಹೋದೆವು.

ಅಂಗಡಿಯಲ್ಲಿ ಎಣ್ಣೆಯ, ಹಳೆಯ ಮರದ ವಾಸನೆ. ಸಾಹೇಬರು ಅತ್ತೆಯ ಓರಗೆಯವರು, ಅಜ್ಜನ ಜೊತೆ ಶಿಕಾರಿಗೆ ಹೋದವರು. ಗಾಜಿನ ಕಪಾಟಿನಿಂದ ಮೂರು ರೈಫಲ್ ತೆಗೆದು ಕಂಬಳಿಯ ಮೇಲೆ ಸಾಲಾಗಿ ಮಲಗಿಸಿದರು. ದಪ್ಪ, ಸಣ್ಣ ಎನ್ನುವುದು ಬಿಟ್ಟರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ. ನಳಿಗೆಯ ಬಾಯಲ್ಲಿ ಕಿರುಬೆರಳಿಟ್ಟು ನೋಡಿದೆ.

"ಹಾಗೇನೇ ನೋಡಬೇಕಮ್ಮ" ಎಂದರು ಸಾಹೇಬರು. "ಒಂದು ಅಂಗುಲಾನ ಸಾವಿರ ಪಾಲು ಮಾಡಿ. ಅದರಲ್ಲಿ ಎಷ್ಟು ಪಾಲು ಈ ತೂತು ಅನ್ನೋದೇ ಕೋವಿಯ ಅಳತೆ. ಇದು ಇನ್ನೂರ ಇಪ್ಪತ್ತು. ಡಬ್ಬಿ ಹೊಡೆದು ಕಲಿಯೋಕೆ ಚೆನ್ನ, ಹಂದಿಗೆ ಬೇಡ. ಗಾಯ ಆಗಿ ಓಡಿಹೋಗುತ್ತೆ, ಅದರ ಸಂಕಟ ನೋಡೋಕಾಗಲ್ಲ. ಇದು ಇನ್ನೂರ ಎಪ್ಪತ್ತೈದು. ಇದು ಮುನ್ನೂರ ಎಪ್ಪತ್ತೈದು, ಅತ್ತೆಯವರದ್ದರ ಜೋಡಿ."

"ಅದನ್ನೇ ಕೊಡಿ" ಎಂದಳು ಅತ್ತೆ, ದೊಡ್ಡದನ್ನು ತೋರಿಸಿ.

"ಮೊದಲನೇ ಕೋವಿಗೆ ಅದು ಜಾಸ್ತಿ ಆಗುತ್ತಲ್ಲ, ಮುದ್ದವೀರಮ್ಮ."

"ನನ್ನ ಮೊದಲನೇದೂ ಅದೇ ಅಲ್ವಾ. ನಾನು ಹೊರಲಿಲ್ವಾ?"

ಸಾಹೇಬರು ನನ್ನ ಕಡೆ ನೋಡಿದರು. "ಹಂದಿಗೆ ನಡುವಿನದು ಸಾಕಮ್ಮ. ದಪ್ಪ ಗುಂಡು ತಪ್ಪಿದ ಗುರಿಯನ್ನ ಸರಿ ಮಾಡಲ್ಲ. ನಾಳೆ ಬೆಳಿಗ್ಗೆ ಕಲ್ಲುಗಣಿಗೆ ಬನ್ನಿ. ಎರಡನ್ನೂ ಹೊಡೆದು ನೋಡಿ, ನಿಮ್ಮ ಮೈಯೇ ಹೇಳುತ್ತೆ."

ಮಾರನೆಯ ಬೆಳಿಗ್ಗೆ ಅತ್ತೆ ತನ್ನ ಕೋವಿಯನ್ನೂ ಹೆಗಲಿಗೇರಿಸಿಕೊಂಡೇ ಬಂದಳು. ಪಾಳುಬಿದ್ದ ಗಣಿಯ ಕಲ್ಲುಗೋಡೆಯ ಮುಂದೆ ಮಣ್ಣಿನ ದಿಬ್ಬ, ದಿಬ್ಬಕ್ಕೆ ಆನಿಸಿದ ಹಲಗೆ, ಹಲಗೆಯ ಮೇಲೆ ಸುಣ್ಣದ ಬೊಟ್ಟು. ಮೊದಲು ದೊಡ್ಡದನ್ನು ಹಿಡಿದೆ. ಕೋವಿಯ ಕುದುರೆಯನ್ನು ಬೆರಳಿಂದ ಎಳೆದದ್ದಷ್ಟೇ ಗೊತ್ತು. ಯಾರೋ ಒನಕೆಯಿಂದ ತಿವಿದಂತಾಗಿ ಹಿಂದಕ್ಕೆ ವಾಲಿದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಕಣ್ಣಿಗೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಹಲಗೆಗೆ ಏನೂ ಆಗಿರಲಿಲ್ಲ. ಆ ರಾತ್ರಿ ನನ್ನ ಭುಜದ ಮೇಲೂ ನೇರಳೆಹಣ್ಣು ಒತ್ತಿದಂಥ ಕಲೆ ಮೂಡಿತು. ನಾನು ಅಂದುಕೊಂಡಿದ್ದಷ್ಟು ಚೆಂದವೇನೂ ಇರಲಿಲ್ಲ.

ನಾನು ಸಾವರಿಸಿಕೊಂಡು ನಿಂತ ಕೂಡಲೇ "ಅದರಲ್ಲೇ ಇನ್ನೊಂದು ಈಡು" ಎಂದರು ಸಾಹೇಬರು. ನನಗೆ ಬೆನ್ನು ತಿರುಗಿಸಿ ತೋಟಾ ತುಂಬಿ ಕೊಟ್ಟರು. ಗುರಿ ಹಿಡಿದು ಎಳೆದೆ. ಟಕ್ ಎಂದಿತು, ಈಡು ಹಾರಲಿಲ್ಲ. ಆದರೆ ನಳಿಗೆಯ ತುದಿ ತಾನಾಗಿ ನೆಲದ ಕಡೆ ಧುಮುಕಿತು, ನನ್ನ ಕಣ್ಣು ಮುಚ್ಚಿಹೋಗಿದ್ದವು.

"ಒಳಗಿದ್ದದ್ದು ಖಾಲಿ ತೋಟಾ" ಎಂದರು ಅವರು ನಗುತ್ತ. "ಬೀಳದ ಏಟಿಗೆ ಮೈ ಹೆದರಿಕೊಂಡಿದ್ದು ನೋಡಿದಿರಾ? ನಿಜವಾದ ತೋಟಾ ಇದ್ದಾಗ ಆ ಸದ್ದಿನಲ್ಲಿ ಇದು ಗೊತ್ತಾಗಲ್ಲ. ಗುರಿ ತಪ್ಪೋದು ಇಲ್ಲೇ."

ನಡುವಿನದನ್ನು ಕೊಟ್ಟರು. ಅದು ಒದೆಯಲಿಲ್ಲ, ತಳ್ಳಿತು. ಒಂದೆರಡು ಈಡು ಹಾರಿಸಿದ ಮೇಲೆ ಗುಂಡು ಹಲಗೆಯ ಅಂಚು ಹಾರಿಸಿದ್ದು ನನ್ನ ಕಣ್ಣಿಗೇ ಕಂಡಿತು. ಖಾಲಿ ತೋಟಾ ಹಾಕಿದಾಗಲೂ ನಳಿಗೆ ಅಲುಗಿದ್ದು ಸ್ವಲ್ಪವೇ.

ಅತ್ತೆಗೆ ಸಹನೆ ಮೀರಿತು. "ಹಿಡಿಯೋದು ಗೊತ್ತಿಲ್ಲದೆ ಕೋವೀನ ದೂರಬಾರ್ದು. ಇಲ್ಲಿ ಕೊಡಿ" ಎಂದು ನಾನು ಮೊದಲು ಹಿಡಿದಿದ್ದ ದೊಡ್ಡ ಕೋವಿಗೇ ಕೈಯಿಟ್ಟಳು. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಕಾಲು ಊರಿ, ಕೆನ್ನೆ ಒತ್ತಿ, ಗುರಿ ಹಿಡಿದಾಗಿತ್ತು. ಆ ನಿಲುವು ಎಷ್ಟು ಸೊಗಸಾಗಿತ್ತೆಂದರೆ ನಾನು ಉಸಿರು ಬಿಗಿಹಿಡಿದೆ.

ಟಕ್ ಎಂದಿತು. ಸಾಹೇಬರು ಆಗಲೇ ಬೇರೆ ತೋಟಾ ತುಂಬಿದ್ದಾರೆಂದು ಅವಳು ಅಂದುಕೊಂಡಿದ್ದಳು, ಖಾಲಿ ತೋಟಾ ಒಳಗೇ ಉಳಿದುಹೋಗಿತ್ತು.

ನಳಿಗೆ ನೆಲಕ್ಕೆ ಬಡಿಯುವಷ್ಟು ಕೆಳಗಿಳಿದಿತ್ತು. ಅತ್ತೆಯ ಭುಜ ಮುಂದಕ್ಕೆ ನುಗ್ಗಿತ್ತು, ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಮುಖ ಪೂರ್ತಿ ಕಿವುಚಿಕೊಂಡು, ಏಟು ಬೀಳುವುದನ್ನು ಕಾಯುತ್ತಿರುವ ಮಗುವಿನ ಮುಖದಂತಿತ್ತು.

ಸಾಹೇಬರು ತಿರುಗಿ ಗಣಿಯ ಗೋಡೆಯನ್ನು ನೋಡುತ್ತ ನಿಂತರು. ಅತ್ತೆ ಕೋವಿಯ ಚಿಲಕ ಹಿಂದೆಳೆದು ಖಾಲಿ ತೋಟಾವನ್ನು ಅಂಗೈಗೆ ಬೀಳಿಸಿಕೊಂಡು, ಅದನ್ನೇ ನೋಡಿ, ಅವರ ಕೈಗೆ ಕೊಟ್ಟಳು.

"ಅವಳಿಗೆ ನಡುವಿನದೇ ಕೊಡಿ" ಎಂದಳು.

ಮನೆಯ ದಾರಿಯಲ್ಲಿ ಕೆರೆಯ ಏರಿಯ ಮೇಲೆ ಬಂದಾಗ ಅವಳು ತಾನಾಗಿಯೇ ಹೇಳತೊಡಗಿದಳು.

"ನಮ್ಮಪ್ಪ ಅದನ್ನ ನನ್ನ ಕೈಗೆ ಕೊಟ್ಟಾಗ ನಿನಗಿಂತ ಚಿಕ್ಕೋಳು ನಾನು. ಏಟು ತಿಂದು ಕಲಿ ಅಂದ್ರು. ತಿಂದೆ. ನೋಯ್ತು ಅಂದ್ರೆ ಕಿತ್ಕೊಂಡುಬಿಡ್ತಾರೆ ಅಂತ ಒಂದು ದಿನಾನೂ ಬಾಯಿ ಬಿಡಲಿಲ್ಲ. ಮೈ ಗಟ್ಟಿ ಇರೋವರೆಗೂ ನಡೀತು. ಆಮೇಲಾಮೇಲೆ ಎಳೆಯೋ ಮುಂಚೇನೇ ಕಣ್ಣು ಮುಚ್ಚೋಕೆ ಶುರುವಾಯ್ತು. ಬೇಡ ಅಂದ್ರೂ ಮುಚ್ತದೆ. ಈಗ ಬೆರಳೇ ಆಡಲ್ಲ."

"ಹಂದಿ ಬರಲಿಲ್ಲ ಅಂತಿದ್ದೆಯಲ್ಲ?"

"ಬರ್ತಿತ್ತು. ಬೋರಣ್ಣನ ತಂಗೀನ ಹಾಯ್ದ ಹಂದೀನೂ ಅದಕ್ಕೆ ಮುಂಚೆ ನನ್ನ ಮುಂದೇನೇ ಹೋಗಿತ್ತು. ಈ ಕಡೆಯಿಂದ ಆ ಕಡೆಗೆ ನಡಕೊಂಡು ಹೋಯ್ತು. ನೋಡ್ತಾ ಕೂತಿದ್ದೆ" ಎಂದಳು.

ನನಗೊಂದು ಕೋವಿ ಬೇಕೆಂದು ಅವಳು ಹಟ ಹಿಡಿದದ್ದು ಯಾಕೆಂದು ತಿಳಿಯಿತು. ತಿಳಿಯದೆ ಉಳಿದದ್ದು ಇನ್ನೊಂದು. ತನ್ನನ್ನು ಮುರಿದ ಕೋವಿಯನ್ನೇ ನನಗೂ ಕೊಡಿಸಲು ಹೊರಟಿದ್ದಳಲ್ಲ, ಅದು. ಕೇಳಿದೆ. ಅವಳು ಯೋಚಿಸಿ, "ಬೇರೆ ಥರ ಇರಬೋದು ಅಂತ ನನಗೆ ಹೊಳೀಲೇ ಇಲ್ಲ ಕಣೇ" ಎಂದಳು.

ಇನ್ನೂರ ಎಪ್ಪತ್ತೈದನ್ನೇ ಕೊಂಡೆ. ಭುಜಕ್ಕೆ ಆನಿಸುವ ಕೋವಿಯ ಮರದ ಬುಡ ನನಗೆ ಉದ್ದವಾಗುತ್ತಿತ್ತು. ತೋಳಿನ ಅಳತೆಗೆ ಮರ ಕೊಯ್ದು ಕೊಡುತ್ತೇನೆಂದು ಸಾಹೇಬರು ಹೇಳಿದಾಗ, ಬಟ್ಟೆ ಅಳೆಯುವ ಟೇಪನ್ನು ಚೀಲದಿಂದ ತೆಗೆದು ಮೊದಲು ಅತ್ತೆಯ ತೋಳಿಗೆ ಹಿಡಿದೆ.

"ನಂದ್ಯಾಕೆ?" ಎಂದಳು.

"ಸುಮ್ಮನಿರತ್ತೆ. ಹೊಲಿಗೆಯವಳಿಗೆ ಅಳತೆ ಗೊತ್ತು."

ನನ್ನ ತೋಳು ಅವಳದಕ್ಕಿಂತ ಒಂದಿಷ್ಟು ಗಿಡ್ಡ. ನಾನು ಅವಳ ಅಳತೆಯನ್ನೇ ಹೇಳಿದೆ. ಸಾಹೇಬರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಮರಕ್ಕೆ ಗುರುತು ಹಾಕಿಕೊಂಡರು.

ಆಮೇಲೆ ಶಾಲೆಗೆ ರಜವಿದ್ದಾಗಲೆಲ್ಲ ಗಣಿಗೆ ಹೋದೆವು. ಹೇಗೆ ನಿಲ್ಲಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂದು ಅವಳು ನನಗೆ ಕಲಿಸಿದಳು. ಅವಳ ಸರದಿ ಬಂದಾಗ ಅದೇ ಕೋವಿಗೆ ತೋಟಾ ತುಂಬುವವಳು ನಾನು. ಒಳಗಿರುವುದು ತುಂಬಿದ್ದೋ ಖಾಲಿಯೋ ಹೇಳುತ್ತಿರಲಿಲ್ಲ. ಮೊದಮೊದಲು ನಳಿಗೆ ಧುಮುಕಿದಾಗ ಅವಳಿಗೆ ನಾಚಿಕೆ, ಕೋಪ. ಒಂದು ದಿನ ಕೋವಿಯನ್ನು ಕಲ್ಲಿಗೊರಗಿಸಿ ಎದ್ದೇ ಹೋದಳು. ಮುಂದಿನ ಸಲ ನಾನು ಕರೆಯುವ ಮುಂಚೆಯೇ ಹೊರಟು ನಿಂತಿದ್ದಳು. ಬರಬರುತ್ತ ಧುಮುಕುವುದು ಅಲುಗುವುದಾಯಿತು, ಅಲುಗುವುದು ಸಣ್ಣ ನಡುಕವಾಯಿತು. ಕೊನೆಗೊಂದು ಬೆಳಿಗ್ಗೆ ಟಕ್ ಎಂದಾಗ ನಳಿಗೆಯ ತುದಿಯಲ್ಲಿ ಗುರಿ ನೋಡುವ ಮಣಿ ಇದ್ದಲ್ಲೇ ಇತ್ತು. ಅತ್ತೆಯ ಕಣ್ಣು ಅಗಲವಾಗಿ ತೆರೆದಿತ್ತು.

ಬೋರಣ್ಣನ ಹೊಲಕ್ಕೆ ಆ ಹಂದಿ ಮತ್ತೆ ಇಳಿಯುತ್ತಿದೆಯೆಂದು ಸುದ್ದಿ ಬಂತು. ನಸುಕಿನಲ್ಲೇ ಹೋಗಿ ಬದುವಿನ ಮರೆಯಲ್ಲಿ ಕೂತೆವು. ಕೋವಿ ನನ್ನ ತೊಡೆಯ ಮೇಲಿತ್ತು. ಬೆಳಕು ಹರಿಯುವಾಗ ಬಳ್ಳಿಗಳು ಒಂದು ಕಡೆಯಿಂದ ಅಲುಗುತ್ತ ಬಂದವು. ಹಂದಿ ಹೊರಗೆ ಬಂದು, ಅಡ್ಡಲಾಗಿ ನಿಂತು ಮಣ್ಣು ಮಗುಚತೊಡಗಿತು. ಅದರ ಹಿಂದೆ ಎತ್ತರದ ದಿಣ್ಣೆ, ತಪ್ಪಿದ ಗುಂಡು ತಗಲಲು ಅಲ್ಲಿ ಯಾರೂ ಇರಲಿಲ್ಲ. ಅತ್ತೆ ಗಲ್ಲದಿಂದಲೇ ನನಗೆ ಸನ್ನೆ ಮಾಡಿದಳು.

ನಾನು ಕೋವಿಯನ್ನು ಎತ್ತಿ ಅವಳ ಕೈಗಿಟ್ಟೆ.

ಅವಳು ನನ್ನ ಮುಖ ನೋಡಿದಳು. ಬೇಡವೆನ್ನುತ್ತಾಳೆಂದುಕೊಂಡೆ. ಹಂದಿ ಒಮ್ಮೆ ತಲೆಯೆತ್ತಿ ಗಾಳಿ ಮೂಸಿ, ಮತ್ತೆ ಬಗ್ಗಿತು. ಅತ್ತೆ ಕೆನ್ನೆಯನ್ನು ಮರಕ್ಕೆ ಒತ್ತಿದಳು. ಈ ಸಲ ಒಳಗಿದ್ದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ನಾನು ಹಂದಿಯನ್ನು ನೋಡಲಿಲ್ಲ, ಅವಳ ಕಣ್ಣನ್ನೇ ನೋಡುತ್ತಿದ್ದೆ. ಈಡು ಹಾರಿತು. ಕಣ್ಣು ಮುಚ್ಚಲಿಲ್ಲ.

ಹಂದಿ ನಿಂತಲ್ಲೇ ಕುಸಿದಿತ್ತು. ಒದ್ದಾಡಲಿಲ್ಲ. ಊರ ಕಡೆಯಿಂದ ಬೋರಣ್ಣ ಕೂಗುತ್ತ ಓಡಿ ಬರುವುದು ಕೇಳಿಸುತ್ತಿತ್ತು. ಅತ್ತೆ ಕೋವಿಯನ್ನು ನನಗೆ ಕೊಟ್ಟು ಬದುವಿನ ಮೇಲೆ ಕೂತಳು.

"ಹಂದಿಗೆ ಗುಂಡು ತಗಲೋದನ್ನ ನೋಡ್ದೆ ಕಣೇ" ಎಂದಳು. "ಇಷ್ಟು ವರ್ಷದಲ್ಲಿ ಇವತ್ತೇ. ಆ ಕೋವೀಲಿ ಎಳೆದ ಮೇಲೆ ಬರೀ ಆಕಾಶ ಕಾಣೋದು."

ಸ್ವಲ್ಪ ಹೊತ್ತಾದ ಮೇಲೆ ಅವಳು ಬಗ್ಗಿ, ಮಗುಚಿದ ಮಣ್ಣಿನಿಂದ ಒಂದು ಗೆಣಸು ಎತ್ತಿಕೊಂಡಳು. ಸೆರಗಿನಿಂದ ಅದನ್ನು ಒರೆಸಿ, ಎರಡು ತುಂಡು ಮಾಡಿ, ದೊಡ್ಡ ತುಂಡನ್ನು ನನ್ನ ಕಡೆ ಚಾಚಿದಳು. ಮುರಿದ ಜಾಗದಲ್ಲಿ ಬಿಳಿಯ ಹಾಲು ಸಣ್ಣ ಸಣ್ಣ ಹನಿಯಾಗಿ ಮೂಡುತ್ತಿತ್ತು.