ಪರದೆಯ ನಡುವೆ ಒಂದು ಗೇಣು

ನಾಟಕದ ಪರದೆಯನ್ನು ಮುಂದಿನಿಂದ ನೋಡಿದವರಿಗೆ ಅದು ವೈಭವ. ಹಿಂದಿನಿಂದ ನೋಡಿದವರಿಗೆ ಊಟ ಸೇರುವುದಿಲ್ಲ. ನಮ್ಮ ರಂಗಮಂದಿರದ ಕೆಂಪು ಮಖಮಲ್ಲಿನ ಪರದೆಗೆ ಮುಂದೆ ಜರಿಯ ಅಂಚು, ಬಂಗಾರದ ಬಣ್ಣದ ಕುಚ್ಚು. ಹಿಂದೆ ನಟರು ಒರೆಸಿದ ಮುಖದ ಬಣ್ಣ, ಬೆವರು, ಸಿಂಬಳ. ಎರಡು ಭಾಗ ಬಂದು ಕೂಡುವ ಕಡೆ, ಕಣ್ಣಿನ ಎತ್ತರಕ್ಕೆ, ಜನ ಸೇರಿದ್ದಾರೋ ಇಲ್ಲವೋ ಎಂದು ಒಳಗಿನಿಂದ ಇಣುಕಲು ಒಂದು ಸಣ್ಣ ಕಿಂಡಿ. ಅದರ ಸುತ್ತ ಕಾಜಾ ಹೊಲಿದವಳು ನಾನೇ, ಮಂದಿರದ ದರ್ಜಿ. ಎಷ್ಟೋ ಕೆನ್ನೆಗಳು ತಾಗಿ ಆ ಕಾಜಾ ಎಣ್ಣೆ ಬತ್ತಿಯ ಹಾಗೆ ಕಪ್ಪಾಗಿತ್ತು. ಆದರೂ ಈ ಕೊಳೆಯ ಮೇಲೆ ನನಗೆ ಸಿಟ್ಟಿಲ್ಲ, ಅದು ದುಡಿದವರ ಕೊಳೆ. ನನಗೆ ಹೇಸಿಗೆ ಹುಟ್ಟಿಸಿದ್ದು ತೊಳೆದು ಬಂದ ಪರದೆ.

ತೊಳೆಸುತ್ತೇನೆಂದು ಅದನ್ನು ಒಯ್ದವರು ಮಂದಿರದ ಕಾರ್ಯದರ್ಶಿ. ಮರಳಿ ಬಂದದ್ದನ್ನು ಕಟ್ಟಿ ಎಳೆದರೆ ಎರಡು ಭಾಗಗಳು ಕೂಡಲೇ ಇಲ್ಲ. ನಡುವೆ ಒಂದು ಗೇಣು ಸಂದಿ ಉಳಿಯಿತು. ನೆರಿಗೆಗಳೂ ಮಾಯ.

“ತೊಳೆದಾಗ ಕುಗ್ಗಿದೆ ಕಣಮ್ಮಾ,” ಎಂದರು ಅವರು, ಕಡ್ಡಿಯಿಂದ ಹಲ್ಲಿನ ಸಂದಿ ಕೆದಕುತ್ತ. ಹೊರಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡರು.

ಕಳ್ಳನಿಗೊಂದು ಪಿಳ್ಳೆ ನೆವ. ಕುಗ್ಗುವ ಬಟ್ಟೆ ಉದ್ದದಲ್ಲೂ ಕುಗ್ಗುತ್ತದೆ. ಇದು ಮೊದಲಿನಂತೆ ನೆಲ ಗುಡಿಸುತ್ತಿತ್ತು. ಜರಿಯ ಅಂಚನ್ನು ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು, ಅದೂ ಸೊಟ್ಟಗೆ. ಕಿಂಡಿಯಿದ್ದ ಪಟ್ಟಿಯೇ ಇರಲಿಲ್ಲ. ಹೇಳಿದರೆ ಯಾರು ಕೇಳುತ್ತಾರೆ? ಮಂದಿರದ ಬೀಗದ ಕೈ ಇರುವುದೇ ಅವರ ಸೊಂಟದಲ್ಲಿ.

ಆಗ ನಡೆಯುತ್ತಿದ್ದ ನಾಟಕದ ನಾಯಕಿ ನನ್ನ ತಂಗಿ. ಭಿಕ್ಷುಕಿಯಾಗಿ ಒಂದು ದೃಶ್ಯ ಮುಗಿಸಿ, ಪರದೆ ಮುಚ್ಚಿ ತೆರೆಯುವಷ್ಟರಲ್ಲಿ ಅವಳು ರಾಣಿಯಾಗಿ ಸಿಂಹಾಸನದ ಮೇಲಿರಬೇಕು. ಒಳಗೆ ಓಡಿ ಬರುವಷ್ಟು ಹೊತ್ತಿಲ್ಲ. ರಂಗದ ಮೇಲೆಯೇ ನಾನು ಅವಳ ಚಿಂದಿ ಕಳಚಿ ರಾಣಿಯ ಉಡುಪು ತೊಡಿಸುತ್ತೇನೆ. ಪರದೆ ಮರಳಿ ಬಂದ ಮೇಲಿನ ಮೊದಲ ಪ್ರದರ್ಶನದಂದು ಅವಳ ರವಿಕೆಯ ಗುಂಡಿ ಬಿಚ್ಚುತ್ತಿದ್ದಾಗ ಮುಂದಿನ ಸಾಲಿನಿಂದ ಸಿಳ್ಳೆ ಕೇಳಿತು. ತಿರುಗಿದೆ. ಸಂದಿಯ ಆಚೆ ಗಂಡಸರ ಮುಖಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ನಟ್ಟನಡುವೆ ಕಾರ್ಯದರ್ಶಿಯದು, ತುಟಿಯ ಮೂಲೆಯಲ್ಲಿ ಅದೇ ಕಡ್ಡಿ. ತಂಗಿ ಎದೆಗೆ ಕೈ ಅಡ್ಡ ಹಿಡಿದುಕೊಂಡಳು. ಅವನಿಗೆ ಮರ್ಯಾದೆ ಕೊಟ್ಟು ಮಾತಾಡುವುದು ನನ್ನ ಪಾಲಿಗೆ ಅಂದಿಗೆ ಮುಗಿಯಿತು.

“ಅಕ್ಕಾ, ಇನ್ನು ನಾನು ಸ್ಟೇಜ್ ಹತ್ತಲ್ಲ,” ಎಂದಳು.

ನಾಟಕ ಕಲಿಸಿದ ಮೇಷ್ಟ್ರ ಹತ್ತಿರ ಹೋದೆವು. “ಒಂದು ಗೇಣು ತಾನೇ? ಕಲಾವಿದೆ ಅಂದಮೇಲೆ ಇಷ್ಟೊಂದು ನಾಚಿಕೆ ಇರಬಾರದಮ್ಮ. ಆಗಲ್ಲ ಅಂದ್ರೆ ಈಗಲೇ ಹೇಳು, ಬೇರೆಯವಳನ್ನ ನೋಡ್ಕೋತೀನಿ,” ಎಂದರು. ಈ ಪಾತ್ರ ಸಿಗುವ ಮುಂಚೆ ಅವಳು ವರ್ಷಗಟ್ಟಲೆ ದಾಸಿಯಾಗಿ ತಟ್ಟೆ ಹಿಡಿದು ನಿಂತವಳು. ಮನೆಗೆ ಬಂದು ಮುಖ ತೊಳೆದಳು, ಮತ್ತೆ ತೊಳೆದಳು.

ಮರುದಿನ ಬೆಳಿಗ್ಗೆ, ಸಂದಿ ಮುಚ್ಚಲು ಬಟ್ಟೆ ಕೊಡಿಸಿ ಎಂದು ಬೇಡಲು ಕಾರ್ಯದರ್ಶಿಯ ಮನೆಗೇ ಹೋದೆ. ಅವನಿರಲಿಲ್ಲ. ಹೆಂಡತಿ ಒಳಗೆ ಕರೆದು ಕೂರಿಸಿದರು. ಹಾಲ್‌ನ ಕಿಟಕಿಗಳಲ್ಲಿ ಕೆಂಪು ಮಖಮಲ್ಲು ನೇತಾಡುತ್ತಿತ್ತು! ಸುತ್ತ ಬಿಳಿ ಲೇಸಿನ ಫ್ರಿಲ್ಲು, ಒಂದರ ಮೇಲೆ ಪಿನ್ನು ಚುಚ್ಚಿದ ಪ್ಲಾಸ್ಟಿಕ್ ಗುಲಾಬಿ.

“ಅಲ್ಲೊಂದು ತೂತಿತ್ತು, ಅದಕ್ಕೇ ಹೂವು,” ಎಂದರು ಆಕೆ ಸಂಕೋಚದಿಂದ. “ನಮ್ಮವರು ಫಾರಿನ್ನಿಂದ ತರಿಸಿದ್ದು. ಲೇಸ್ ಮಾತ್ರ ನಾನೇ ಹಾಕಿದೆ.”

ಗುಲಾಬಿ ಎತ್ತಿದೆ. ನನ್ನದೇ ಕಾಜಾ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕದ್ದದ್ದು ಹಾಳಾಗಲಿ, ಕದ್ದು ಮಾಡಿದ ಸಂದಿಯಲ್ಲೇ ಇಣುಕಿ ನನ್ನ ತಂಗಿಯನ್ನು ನೋಡಿದ್ದನಲ್ಲ! ಆಕೆ ಕೊಟ್ಟ ನೀರಿನ ಲೋಟ ಕೆಳಗಿಟ್ಟೆ.

“ಮೇಡಂ, ಲೇಸಿನ ಹೊಲಿಗೆ ಬಿಟ್ಟಿದೆ. ಕೊಡಿ, ಸರಿ ಮಾಡ್ತೀನಿ. ಸಂಜೆ ನಾಟಕಕ್ಕೆ ಬನ್ನಿ, ಅಲ್ಲೇ ತೋರಿಸ್ತೀನಿ.”

“ಅಯ್ಯೋ, ನಿಮಗ್ಯಾಕೆ ತೊಂದ್ರೆ?” ಎನ್ನುತ್ತಲೇ ಪಾಪ, ಅವರೇ ಕಳಚಿ ಮಡಿಸಿ ಕೊಟ್ಟರು.

ತುಂಡಿಗೆ ತುಂಡು ಸೇರಿಸಿ, ಪರದೆಯ ಎರಡು ಭಾಗಗಳ ನಡು ಅಂಚಿಗೆ ಹೊಲಿದೆ. ಬಟ್ಟೆಯ ತುಂಬ ಅವನ ಸಿಗರೇಟಿನ ನಾತ. ಮೂಗಿಗೆ ಸೆರಗು ಕಟ್ಟಿಕೊಂಡೇ ಕೂತಿದ್ದೆ. ಹೂವು ಮಾತ್ರ ಕಿತ್ತೆಸೆದೆ. ಲೇಸನ್ನು ಬೇಕೆಂದೇ ಬಿಟ್ಟೆ. ತಂಗಿ ಬಂದು ಎರಡೂ ಭಾಗ ಎಳೆದು ನೋಡಿ, ಬಣ್ಣ ಹಚ್ಚಿಕೊಳ್ಳಲು ಹೋದಳು.

ಸಂಜೆ ಜನ ತುಂಬಿದ್ದರು. ಲೇಸಿನ ಪರದೆ ನೋಡಿ ಹಿಂದಿನ ಸಾಲುಗಳಲ್ಲಿ ಆಗಲೇ ನಗು ಶುರುವಾಗಿತ್ತು. ಮೊದಲ ಗಂಟೆ ಹೊಡೆಯುವ ಮುಂಚೆ ಮುಂದಿನ ಸಾಲಿನಲ್ಲಿ ಹೆಂಗಸಿನ ದನಿ ಎದ್ದಿತು.

“ರೀ! ಇದು ನಮ್ಮನೆ ಹಾಲಿಂದು ಅಲ್ವೇನ್ರೀ? ನನ್ನ ಲೇಸು! ಫಾರಿನ್ ಅಂದಿದ್ರಲ್ಲ?”

“ಕೂತ್ಕೊಳ್ಳೇ ಸುಮ್ನೆ!”

ಇಡೀ ಮಂದಿರ ಗೊಳ್ಳೆಂದಿತು. ಮೇಷ್ಟ್ರು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು.

ಭಿಕ್ಷುಕಿಯ ದೃಶ್ಯ ಮುಗಿದು ಪರದೆ ಮುಚ್ಚಿತು. ಪೂರ್ತಿ ಮುಚ್ಚಿತು. ತಂಗಿ ನೆಟ್ಟಗೆ ನಿಂತು ಉಡುಪು ಬದಲಿಸಿಕೊಂಡಳು. ಕಿರೀಟ ಇಟ್ಟ ಮೇಲೆ ಒಂದು ಗಳಿಗೆ ಉಳಿದಿತ್ತು. ಅವಳು ಹೋಗಿ ಕಿಂಡಿಗೆ ಕಣ್ಣಿಟ್ಟಳು.

“ಅವರ ಹೆಂಡತಿ ಎದ್ದು ಹೋಗಿದಾರೆ ಅಕ್ಕಾ. ಕುರ್ಚಿ ಖಾಲಿ.”

“ಅವನು?”

“ಅಲ್ಲೇ ಇದಾನೆ,” ಎಂದಳು. “ಕತ್ತು ಆಕಡೆ ಈಕಡೆ ವಾಲಿಸ್ತಾ ಇದಾನೆ. ಇನ್ನೂ ಸಂದಿ ಹುಡುಕ್ತಾ ಇದಾನೆ.”

“ಥೂ!” ಎಂದೆ.

ರಾಣಿ ಸಿಂಹಾಸನದ ಮೇಲೆ ಹೋಗಿ ಕೂತಳು. ಪರದೆ ತೆರೆಯಿತು.