ಅಪ್ಪ ನೋಡದ ಐದನೇ ಕಂತು

ಹದಿನೈದು ದಿನದಿಂದ ಆ ಮನೆಯಲ್ಲಿ ಬೆಳಗಾದರೆ ಒಂದೇ ರಗಳೆ. ಅಪ್ಪನ ಬೂಟು ಕಾಣುವುದಿಲ್ಲ. ಒಂದು ದಿನ ಬಟ್ಟೆ ಒಗೆಯುವ ಮೆಷಿನ್ನಿನೊಳಗೆ ಸಿಕ್ಕಿತು, ಇನ್ನೊಂದು ದಿನ ಶಾಲೆಯ ಚೀಲದಲ್ಲಿ. ಮೊನ್ನೆಯಂತೂ ಎಡಗಾಲಿನದು ಮಂಚದ ಕೆಳಗೆ, ಬಲಗಾಲಿನದು ಹಳೇ ಪೇಪರ್ ಕಟ್ಟಿನ ಹಿಂದೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಮುಂದುಗಡೆ ಉಕ್ಕಿನ ತಗಡಿರುವ ಆ ದಪ್ಪ ಬೂಟಿಲ್ಲದೆ ಅವನು ಕೆಲಸಕ್ಕೆ ಇಳಿಯುವ ಹಾಗಿಲ್ಲ.

ಕಳ್ಳಿ ಯಾರೆಂದು ಹುಡುಕಬೇಕಾಗಿರಲಿಲ್ಲ. ಮನೆಯಲ್ಲಿರುವುದೇ ಮೂವರು. ಅಪ್ಪ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಮ್ಮ, ಎಂಟು ವರ್ಷದ ಮಗಳು. ಮಗಳನ್ನು ಇಡೀ ಕಟ್ಟಡ ಕರೆಯುವುದು ಪಿಟೀಲು ಎಂದೇ. ಕುಯ್ಯಲು ಶುರು ಮಾಡಿದರೆ ಎದುರಿಗಿದ್ದವರು ಎದ್ದುಹೋದರೂ ನಿಲ್ಲಿಸುವವಳಲ್ಲ. ಅಂಥ ಹುಡುಗಿ ಈಗ ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುವುದು ಬಿಟ್ಟರೆ ಬಾಯಿಯೇ ಬಿಡುತ್ತಿರಲಿಲ್ಲ. ಬೂಟು ಯಾಕೆ ಬಚ್ಚಿಟ್ಟೆ ಎಂದು ಗದರಿದರೆ ನೆಲ ನೋಡುತ್ತಿದ್ದಳು. ತಲೆಹರಟೆ ಜಾಸ್ತಿಯಾಯಿತು, ನೀನೇ ಮುದ್ದು ಮಾಡಿ ಹಾಳು ಮಾಡಿದೆ ಎಂದು ಅಪ್ಪ ಅಮ್ಮನ ಮೇಲೆ ಹಾಕಿದ. ಅಮ್ಮ ಸುಮ್ಮನಿರುತ್ತಾಳೆಯೇ? ಮುದ್ದು ಮಾಡಿದವರು ಯಾರೆಂದು ಕಟ್ಟಡಕ್ಕೆಲ್ಲ ಗೊತ್ತು ಎಂದು ತಿರುಗಿಸಿ ಕೊಟ್ಟಳು.

ಸಂಜೆಯದು ಇನ್ನೊಂದು ವರಸೆ. ಅಪ್ಪ ಬಾಗಿಲು ತಟ್ಟಿದರೆ ಒಳಗಿಂದ ಒಂದು ಪ್ರಶ್ನೆ ಬರುತ್ತಿತ್ತು: ನನ್ನ ಮೊದಲನೇ ಹಲ್ಲು ಎಲ್ಲಿ ಬಿತ್ತು? ಬಸ್ಸಿನಲ್ಲಿ, ಸೇಬು ಕಚ್ಚುವಾಗ ಎಂದು ಅಪ್ಪ ಹೇಳಬೇಕು. ಆಮೇಲೇ ಚಿಲಕ ತೆಗೆಯುವುದು. ಅಪ್ಪನಿಗೆ ಇದೊಂದು ಆಟ. ಒಂದು ಸಂಜೆ ಸುಸ್ತಾಗಿ ಬಂದವನು ತಮಾಷೆಗೆ, ನಿನಗೆ ಹಲ್ಲೇ ಇರಲಿಲ್ಲವಲ್ಲೇ ಎಂದುಬಿಟ್ಟ. ಚಿಲಕ ತೆಗೆದದ್ದು ಅಮ್ಮ. ಮಗಳು ಅವತ್ತು ತಟ್ಟೆಗೆ ಕೈಹಾಕಲಿಲ್ಲ, ಅಮ್ಮನ ಬೆನ್ನು ಬಿಟ್ಟು ಈಚೆ ಬರಲಿಲ್ಲ. ಮಾರನೇ ದಿನದಿಂದ ಪ್ರಶ್ನೆಯೂ ನಿಂತಿತು, ತೊಡೆಯೇರಿ ಕೂರುವುದೂ ನಿಂತಿತು. ಅಪ್ಪನಿಗೆ ಒಳಗೊಳಗೇ ಬೇಜಾರಾಯಿತು, ಆದರೆ ಗಂಡಸು ನೋಡಿ, ಹೇಳಿಕೊಳ್ಳಲಿಲ್ಲ.

ಈಗ ಒಂದು ತಿಂಗಳು ಹಿಂದಕ್ಕೆ ಹೋಗೋಣ. ಅಪ್ಪನ ಜೊತೆ ಕೆಲಸ ಮಾಡುವವನೊಬ್ಬ ಒಂದು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ ಸುದ್ದಿ ಹೇಳಿದ. ಹೆಸರು ‘ಮೈನಸ್ ನಾಲ್ಕು’. ದೊಡ್ಡ ಊರು, ಎತ್ತರದ ಕಟ್ಟಡಗಳು, ಅವುಗಳ ಲಿಫ್ಟಿನಲ್ಲಿ ಒತ್ತುವ ಗುಂಡಿಯೇ ಇಲ್ಲದ ಒಂದು ಮಹಡಿ, ಆ ಮಹಡಿಯಲ್ಲಿ ವಾಸವಿರುವ ನೆರಳುಗಳು, ಅವುಗಳನ್ನು ಎದುರಿಸುವ ಒಬ್ಬಳು ಕಾಲೇಜು ಹುಡುಗಿ. ಲಿಫ್ಟ್ ಎಂದ ಕೂಡಲೇ ಅಪ್ಪನ ಕಿವಿ ನೆಟ್ಟಗಾಯಿತು. ಸಿನಿಮಾದವರು ಲಿಫ್ಟ್ ತೋರಿಸುವ ಚೆಂದಕ್ಕೆ ಅವನು ಜನ್ಮವಿಡೀ ಬೈದುಕೊಂಡವನು. ಹಗ್ಗ ಒಂದೇ ಇರುತ್ತದೆ, ಅದು ಪಟ್ಟನೆ ಹರಿಯುತ್ತದೆ, ಡಬ್ಬ ದಬ್ಬೆಂದು ಬೀಳುತ್ತದೆ. ನಿಜವಾದ ಲಿಫ್ಟ್ ಹಾಗೆ ಬೀಳುವುದೇ ಇಲ್ಲ ಎಂದು ಅವನು ಹೇಳಿ ಹೇಳಿ ಅಮ್ಮನಿಗೆ ಬಾಯಿಪಾಠವಾಗಿತ್ತು.

ಮೊದಲ ಕಂತು ಹಾಕಿ ನೋಡಿದ. ಆಹಾ, ಐದು ಹಗ್ಗ ಲೆಕ್ಕಕ್ಕೆ ಸರಿಯಾಗಿದ್ದವು. ಡಬ್ಬವನ್ನು ಸರಿದೂಗಿಸುವ ಎದುರುತೂಕ ಇತ್ತು, ಬ್ರೇಕ್ ಇತ್ತು, ಬಾಗಿಲಿನ ಹೊಸ್ತಿಲಲ್ಲಿ ಕೂರುವ ಕಸ ಕೂಡ ಇತ್ತು. ಬರೆದವನಿಗೆ ಕೆಲಸ ಗೊತ್ತು ಎಂದು ಅಪ್ಪ ಕುಣಿದುಬಿಟ್ಟ. ಎರಡನೆಯದನ್ನು ಅರ್ಧ ನೋಡುವಷ್ಟರಲ್ಲಿ ಯಾವುದೋ ಆಸ್ಪತ್ರೆಯ ಲಿಫ್ಟ್ ನಿಂತಿದೆಯೆಂದು ಫೋನ್ ಬಂತು. ಎದ್ದು ಹೋಗುವಾಗ ಮಗಳನ್ನು ಕರೆದು ಕೂರಿಸಿ, ಅಪ್ಪನ ಕೆಲಸ ಹೇಗಿರುತ್ತೆ ನೋಡು ಎಂದು ಹೇಳಿಯೇ ಹೋದ. ಚಿಕ್ಕವರು ನೋಡುವಂಥದ್ದಾ ಇದು ಎಂದು ಅಮ್ಮ ಕೇಳದೆ ಇರಲಿಲ್ಲ. ಕಾರ್ಟೂನ್ ತಾನೆ ಎಂದು ತಳ್ಳಿಹಾಕಿದ.

ಸರಣಿಯ ಹೆಸರಿನ ಕೆಳಗೆ ‘16+’ ಎಂದು ಸಣ್ಣಗೆ ಇತ್ತು. ಪಕ್ಕದಲ್ಲಿ ‘ಭಯ, ಹಿಂಸೆ’ ಎಂದೂ ಇತ್ತು. ಅಪ್ಪನ ಕಣ್ಣು ಲಿಫ್ಟಿನ ಮೇಲೇ ಇದ್ದದ್ದರಿಂದ ಅಲ್ಲಿಗೆ ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ಮಗಳು ಒಂದು ಗಂಟೆ ಒಬ್ಬಳೇ. ಒಂದು ಕಂತು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ಹಾಗೆ ಅವಳು ಒಂಬತ್ತನೆಯದಕ್ಕೆ ಬಂದು ನಿಂತಿದ್ದಳು. ಅಪ್ಪ ಎರಡನೆಯದರ ಅರ್ಧದಲ್ಲೇ ಇದ್ದ.

ಶಾಲೆಗೆ ರಜೆ ಇದ್ದ ಒಂದು ದಿನ ಅಮ್ಮನಿಗೆ ಎರಡು ಪಾಳಿ ಬಿತ್ತು. ಅಪ್ಪನಿಗೆ ಅವತ್ತು ಸಾರ್ವಜನಿಕ ಲೈಬ್ರರಿಯ ಲಿಫ್ಟ್ ಸರ್ವೀಸ್. ಮಕ್ಕಳ ವಿಭಾಗದಲ್ಲಿ ಕೂರಿಸಿದರಾಯಿತೆಂದು ಮಗಳನ್ನೂ ಕರೆದುಕೊಂಡು ಹೋದ. ಆ ವಿಭಾಗ ನೋಡಿಕೊಳ್ಳುವ ಲೈಬ್ರರಿ ಮೇಡಂ ಅವನಿಗೆ ಹಳೇ ಪರಿಚಯ. ಹುಡುಗಿಗೊಂದು ಬಣ್ಣದ ಪುಸ್ತಕ ಕೊಟ್ಟು ಕೂರಿಸಿಕೊಂಡರು. ಅಪ್ಪ ‘ಕೆಲಸ ನಡೆಯುತ್ತಿದೆ’ ಬೋರ್ಡಿಟ್ಟು, ಕರೆಂಟ್ ತೆಗೆದು ಸ್ವಿಚ್ಚಿಗೆ ಬೀಗ ಹಾಕಿ, ಲಿಫ್ಟಿನ ತಳದ ಹಳ್ಳದಂಥ ಗುಂಡಿಗೆ ಇಳಿಯಲು ಏಣಿಯ ಮೇಲೆ ಒಂದು ಕಾಲಿಟ್ಟ.

ಹಿಂದಿನಿಂದ ಯಾರೋ ಅವನ ಬೆಲ್ಟ್ ಹಿಡಿದು ಜಗ್ಗಿದರು. ತಿರುಗಿದರೆ ಮಗಳು. ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಎರಡೂ ಕೈಯಲ್ಲಿ ಬೆಲ್ಟ್ ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಬಿಡೇ ಎಂದ, ಬಿಡಲಿಲ್ಲ. ಜನ ನೋಡುತ್ತಿದ್ದಾರೆ ಎಂದ, ಅದಕ್ಕೂ ಬಿಡಲಿಲ್ಲ. ಕೊನೆಗೆ ಮೇಡಂ ಬಂದು ನೆಲದ ಮೇಲೇ ಕೂತು, ಅಪ್ಪ ಈಗ ಇಳಿಯೋದಿಲ್ಲ, ನಾನು ಮಾತು ಕೊಡ್ತೀನಿ ಎಂದ ಮೇಲೆ ಬೆರಳು ಸಡಿಲವಾದವು.

ಏನು ನೋಡಿದೆ ಕೆಳಗೆ ಎಂದು ಮೇಡಂ ಕೇಳಲಿಲ್ಲ. ಎಲ್ಲಿ ನೋಡಿದೆ ಎಂದು ಕೇಳಿದರು. ಹುಡುಗಿ ಸರಣಿಯ ಹೆಸರು ಹೇಳಿದಳು. ಮೇಡಂ ಅದನ್ನು ಪೂರ್ತಿ ನೋಡಿದ್ದರು.

"ಐದನೇದಾ?" ಎಂದರು ಮೆಲ್ಲಗೆ.

"ಹೂಂ. ಲಿಫ್ಟ್ ಮಾಮ ಕೆಳಗೆ ಇಳೀತಾನೆ. ನೆರಳು ಅವನ ಮುಖ ತಗೊಂಡು ತಾನು ಹಾಕ್ಕೊಳ್ಳುತ್ತೆ. ಆಮೇಲೆ ಅವನ ಥರಾನೇ ಮನೆಗೆ ಹೋಗುತ್ತೆ. ಅವನ ಮಗಳಿಗೆ ಗೊತ್ತೇ ಆಗಲ್ಲ. ಅದಕ್ಕೇ ನಾನು ದಿನಾ ಹಲ್ಲು ಕೇಳ್ತಿದ್ದೆ. ನೆರಳಿಗೆ ಹಲ್ಲು ಗೊತ್ತಿರಲ್ಲ. ಒಂದಿನ ಅಪ್ಪ ತಪ್ಪು ಹೇಳಿದ."

"ಆಮೇಲೆ?"

"ಆವತ್ತಿಂದ ನಂಗೆ ಸರಿಯಾಗಿ ಗೊತ್ತಿಲ್ಲ. ಇವನು ಅಪ್ಪಾನೋ ಅಲ್ವೋ ಅಂತ. ಅಪ್ಪಾನೇ ಇದ್ರೆ ಕೆಳಗೆ ಹೋಗಬಾರದು ಅಂತ ಬೂಟು ಬಚ್ಚಿಡ್ತೀನಿ."

ಅಪ್ಪ ಗ್ರೀಸ್ ಮೆತ್ತಿದ ಕೈಯಲ್ಲಿ ಹಾಗೇ ನಿಂತಿದ್ದ. ಹದಿನೈದು ದಿನ ತನ್ನ ಮಗಳು ತನ್ನದೇ ಮನೆಯಲ್ಲಿ, ಅಪ್ಪನಲ್ಲದ ಯಾರ ಜೊತೆಯೋ ಕೂತು ಊಟ ಮಾಡುತ್ತಿದ್ದೇನೆಂದು ಹೆದರಿಕೊಂಡು ಬದುಕಿದ್ದಳು. ತಾನು ಬೂಟಿಗಾಗಿ ಗದರುತ್ತಿದ್ದ.

ಹುಡುಗಿ ಮತ್ತೆ ಪುಸ್ತಕದ ಮೇಜಿಗೆ ಹೋದ ಮೇಲೆ ಅವನಿಗೆ ಅವಮಾನವಾಗಿ, ಅವಮಾನಕ್ಕೆ ಸಿಟ್ಟು ಬಂತು. ನಾವೂ ಚಿಕ್ಕಂದಿನಲ್ಲಿ ದೆವ್ವದ ಕಥೆ ಕೇಳಿಕೊಂಡೇ ಬೆಳೆದವರು, ನಮಗೇನಾಯಿತು ಎಂದು ವಾದಕ್ಕಿಳಿದ. ಮೇಡಂ ಕೇಳಿಸಿಕೊಂಡು ಕೇಳಿದರು:

"ಕಥೆ ಹೇಳ್ತಿದ್ದೋರು ಯಾರು?"

"ನಮ್ಮಜ್ಜಿ."

"ನೀವು ಹೆದರಿದಾಗ ಅಜ್ಜಿ ಏನು ಮಾಡ್ತಿದ್ರು?"

ಅಪ್ಪ ಯೋಚಿಸಿದ. ಅಜ್ಜಿ ಮಕ್ಕಳ ಮುಖ ನೋಡಿ ಅಲ್ಲಿಗೇ ದೆವ್ವಕ್ಕೆ ನೆಗಡಿ ಬರಿಸಿಬಿಡುತ್ತಿದ್ದಳು. ಎಲ್ಲರೂ ನಕ್ಕು ಮಲಗುತ್ತಿದ್ದರು. ಹೇಳುವಾಗ ಅವನಿಗೇ ನಗು ಬಂತು.

"ಪರದೆ ಮಗೂನ ಮುಖ ನೋಡಲ್ಲ. ಆ ಕೆಲಸ ಪಕ್ಕದಲ್ಲಿ ಕೂತಿರೋರು ಮಾಡಬೇಕು," ಎಂದರು ಮೇಡಂ.

ಸರಿ, ಇನ್ನು ಮನೆಯಲ್ಲಿ ಅನಿಮೆನೂ ಬೇಡ, ಟಿವಿನೂ ಬೇಡ, ಇವತ್ತೇ ಎಲ್ಲ ಕಿತ್ತೆಸೆಯುತ್ತೇನೆ ಎಂದು ಅಪ್ಪ ಈಗ ಆ ಕಡೆಗೆ ಹಾರಿದ. ಅವನ ಸ್ವಭಾವವೇ ಹಾಗೆ, ಮಧ್ಯದ ಮಹಡಿಯಲ್ಲಿ ನಿಲ್ಲುವುದಿಲ್ಲ. ಮೇಡಂ ಲಿಫ್ಟಿನ ಒಳಗೆ ಗೋಡೆಗೆ ಬಡಿದಿದ್ದ ತಗಡು ತೋರಿಸಿದರು. ‘ಎಂಟು ಜನ, 544 ಕಿಲೋ.’

"ಇದರ ಅರ್ಥ ಲಿಫ್ಟ್ ಕೆಟ್ಟದು ಅಂತಾನಾ?"

"ಛೇ, ಎಷ್ಟು ತಡೆಯುತ್ತೆ ಅಂತ."

"ಹದಿನಾರು ಅಂತ ಬರೆದಿದ್ದೂ ಅಷ್ಟೇ. ಆ ಸರಣಿ ಕೆಟ್ಟದ್ದಲ್ಲ. ಅಪ್ಪನ್ನ ಕಳ್ಕೊಂಡ ಹುಡುಗಿ ಹೇಗೆ ಬದುಕ್ತಾಳೆ ಅನ್ನೋ ಕಥೆ ಅದು. ದೊಡ್ಡ ಮಕ್ಕಳು ಇಲ್ಲಿ ಕೂತು ಗಂಟೆಗಟ್ಟಲೆ ಅದರ ಬಗ್ಗೆ ಮಾತಾಡ್ತಾರೆ. ಎಂಟು ವರ್ಷದ ಮನಸ್ಸಿಗೆ ಆ ಭಾರ ಜಾಸ್ತಿ, ಅಷ್ಟೇ."

ಹತ್ತು ಜನ ನುಗ್ಗಿದರೆ ಕೆಂಡವಾಗುತ್ತಿದ್ದ ಮನುಷ್ಯ ತಗಡನ್ನೇ ನೋಡುತ್ತ ನಿಂತ. ಮೇಡಂ ಇನ್ನೂ ಕೆಲವು ಮಾತು ಹೇಳಿದರು. ಬರೆದ ಚಿತ್ರವೆಂದ ಮಾತ್ರಕ್ಕೆ ಅದು ಮಕ್ಕಳದ್ದಲ್ಲ. ಅನಿಮೆಯಲ್ಲಿ ಪುಟ್ಟವರಿಗೆ ಮಾಡಿದ್ದೂ ಇದೆ, ದೊಡ್ಡವರಿಗೇ ಮಾಡಿದ್ದೂ ಇದೆ. ಮೊದಲ ಕಂತು ನೋಡಿ ತೀರ್ಮಾನ ಮಾಡಬಾರದು, ಕಥೆ ಭಾರವಾಗುವುದು ಮಧ್ಯದಲ್ಲಿ, ಅಲ್ಲಿಂದ ಎರಡು ಮೂರು ಕಂತು ದೊಡ್ಡವರು ತಾವೇ ನೋಡಬೇಕು. ದೆವ್ವ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಆ ದೆವ್ವ ಮಗುವಿಗೆ ಗೊತ್ತಿರುವ ಜಾಗಕ್ಕೆ, ಗೊತ್ತಿರುವ ಜನಕ್ಕೆ ಕೈಹಾಕುತ್ತದೆಯೇ ಎಂದು ನೋಡಬೇಕು. ಎಲ್ಲೋ ದೂರದ ಬೆಟ್ಟದ ರಾಕ್ಷಸನಿಗೆ ಹೆದರದ ಮಗು, ತಮ್ಮದೇ ಕಟ್ಟಡದಂಥ ಕಟ್ಟಡದ ಮೆಟ್ಟಿಲಲ್ಲಿ ನಿಂತ ನೆರಳಿಗೆ ಹೆದರುತ್ತದೆ. ಕಿತ್ತೆಸೆದರೆ ಮುಂದಿನ ಸಲ ಕದ್ದು ನೋಡುತ್ತದೆ, ಆಗ ಹೆದರಿದರೂ ಹೇಳುವುದಿಲ್ಲ. ಅವತ್ತು ಅಪ್ಪ ಜೊತೆ ಕೆಲಸ ಮಾಡುವವನನ್ನು ಫೋನ್ ಮಾಡಿ ಕರೆಸಿ, ಗುಂಡಿಯ ಕೆಲಸ ಅವನಿಗೆ ಒಪ್ಪಿಸಿ, ಮಗಳ ಪಕ್ಕ ಕೂತು ಬಣ್ಣದ ಪುಸ್ತಕ ತಿರುವಿದ.

ಭಾನುವಾರ ಬೆಳಿಗ್ಗೆ ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಾಗ ಗಂಡ ಹೆಂಡತಿ ಇಬ್ಬರೂ ಕೂತು ಐದನೇ ಕಂತು ಹಾಕಿದರು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಆದರೂ ಲಿಫ್ಟ್ ಮಾಮನ ಮುಖ ಹಾಕಿಕೊಂಡ ಆ ನೆರಳು ಮನೆಯ ಬಾಗಿಲು ತಟ್ಟಿ ‘ಮಗಳೇ’ ಎಂದಾಗ ಅಪ್ಪನ ಮೈಯೆಲ್ಲ ಜುಮ್ಮೆಂದಿತು. ಇಪ್ಪತ್ತು ವರ್ಷ ಗುಂಡಿಗಳಲ್ಲಿ ಒಬ್ಬನೇ ಕೆಲಸ ಮಾಡಿದವನು ಅಮ್ಮನ ಕೈ ಹಿಡಿದುಕೊಂಡ. ಅಮ್ಮ ಕಣ್ಣೊರೆಸಿಕೊಂಡು ಕೇಳಿದಳು:

"ರೀ, ನಮ್ಮ ಮಗು ಇದನ್ನ ಒಬ್ಬಳೇ ಕೂತು ನೋಡ್ತಲ್ಲ?"

ಮಗಳು ಬಂದ ಮೇಲೆ ಅವನು ಕುರ್ಚಿ ಬಿಟ್ಟು ನೆಲಕ್ಕೆ ಕೂತ. ಸ್ವಲ್ಪ ದೂರದಲ್ಲೇ ಕೂತ, ಅವಳಾಗಿ ಬರಲಿ ಎಂದು.

"ಐದನೇದು ನೋಡಿದೆ ಕಣೆ. ನಂಗೂ ಭಯ ಆಯ್ತು."

ಮಗಳು ಅವನನ್ನೇ ನೋಡಿದಳು. ಅಪ್ಪನಿಗೆ ಭಯವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ತಪ್ಪು ನಂದು. ನಾನು ನೋಡದೇ ನಿನ್ನ ಕೂರಿಸ್ಬಿಟ್ಟೆ. ನೀನು ಅಷ್ಟು ದಿನ ಒಬ್ಬಳೇ ಹೆದರಿಕೊಂಡಿದ್ದೆ, ನಂಗೆ ಗೊತ್ತೇ ಆಗಲಿಲ್ಲ. ನಾನು ನಿನ್ನ ಅಪ್ಪ ಅಂತ ನೀನು ಈಗಲೇ ನಂಬಬೇಕಿಲ್ಲ ಪುಟ್ಟಾ. ಎಷ್ಟು ದಿನ ಬೇಕೋ ತಗೋ."

ಅವಳು ಎದ್ದು ಬಂದಳು. ಅವನ ಎದುರು ನಿಂತು ಎರಡೂ ಕೈಯಿಂದ ಮುಖ ಮುಟ್ಟಿ ನೋಡಿದಳು. ಹುಬ್ಬು ಸವರಿದಳು, ಮೂಗು ಹಿಂಡಿದಳು, ಕಿವಿಯ ಹಿಂದೆ ಅಂಚು ಏನಾದರೂ ಇದೆಯೇ ಎಂದು ಉಗುರಿನಿಂದ ಎಬ್ಬಿಸಲು ನೋಡಿದಳು. ನೋಯುತ್ತಿತ್ತು. ಅವನು ಅಲುಗಾಡಲಿಲ್ಲ. ಕಣ್ಣಲ್ಲಿ ನೀರು ಬಂದಾಗ ಅವಳು ಅದನ್ನು ಬೆರಳಲ್ಲಿ ತೆಗೆದು ದಿಟ್ಟಿಸಿದಳು.

"ಅಪ್ಪಾನೇ," ಎಂದಳು ಅಮ್ಮನಿಗೆ.

ಆಮೇಲೆ ಅವನ ತೊಡೆಯ ಮೇಲೆ ಕೂತು, ಹದಿನೈದು ದಿನದ ಅಳು ಅತ್ತಳು.

ಓದುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮನ್ನು ಬೈಯಲು ಈ ಕಥೆ ಹೇಳಲಿಲ್ಲ. ಎಲ್ಲರಿಗೂ ಕೆಲಸವಿದೆ, ಎಲ್ಲರಿಗೂ ಸುಸ್ತಿದೆ, ಮಗು ಸುಮ್ಮನೆ ಕೂತರೆ ಸಾಕಪ್ಪ ಎನ್ನಿಸುವುದು ತಪ್ಪಲ್ಲ. ಆದರೆ ಹೆಸರಿನ ಕೆಳಗಿನ ಆ ಅಂಕಿಯನ್ನು ಒಮ್ಮೆ ಓದಿ. ಪಕ್ಕದಲ್ಲಿ ಕಾರಣ ಬರೆದಿರುತ್ತದೆ, ಅದನ್ನೂ ಓದಿ. ಮುಂದಿನ ಕಂತು ತಾನಾಗಿ ಓಡುವುದನ್ನು ನಿಲ್ಲಿಸಿಡಿ, ಚಿಕ್ಕವರಿಗೆಂದೇ ಬೇರೆ ಖಾತೆ ಮಾಡಿಕೊಡಿ. ಅಂಕಿ ಸರಿಯಿದ್ದರೂ ಮಗು ನಿಮ್ಮದು, ಅದು ಎಷ್ಟು ತಡೆಯುತ್ತದೆಂದು ಅಂಕಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಾತಾಡುವ ಮಗು ಮಾತು ಬಿಟ್ಟರೆ, ಉಣ್ಣುವ ಮಗು ತಟ್ಟೆ ಸರಿಸಿದರೆ, ಗದರುವ ಮೊದಲು ಏನು ನೋಡಿದೆ ಎಂದು ಕೇಳಿ. ಹೇಳಿದಾಗ ನಗಬೇಡಿ.

ಇವತ್ತು ಸಂಜೆ ನಿಮ್ಮ ಮಗು ಪರದೆಯ ಮುಂದೆ ಕೂತಾಗ, ನೀವೂ ಹೋಗಿ ಪಕ್ಕದಲ್ಲಿ ಕೂರಿ. ಪರದೆ ನೋಡದಿದ್ದರೂ ಪರವಾಗಿಲ್ಲ, ಮಗುವಿನ ಮುಖ ನೋಡಿ.